ಹಳೆಯ ವೀಡಿಯೊ ಆಟಗಳು: ಊರಿಗೊಂದು ನೆನಪು

ಹಳೆಯ ಗಣಕ ಆಟಗಳನ್ನು ಕುರಿತ ಮಾತುಕತೆಗೆ ಸಿದ್ಧತೆ ನಡೆಸುತ್ತಿದ್ದಾಗ, ಬಾಲ್ಯದಲ್ಲಿ ನಾನು ಆಡಿದ ವೀಡಿಯೊ ಗೇಮ್ ಪೆಟ್ಟಿಗೆಯನ್ನು ಹುಡುಕಿಕೊಂಡು ಸೊಕ್ಕೆಗೆ ಹೋಗಿದ್ದೆ. ಜಗಳೂರು ತಾಲ್ಲೂಕಿನ ಈ ಹೋಬಳಿ ಊರು ಈಗ ದಾವಣಗೆರೆ ಜಿಲ್ಲೆಯಲ್ಲಿದೆ. ನಾನು ಹೇಳಹೊರಟಿರುವ 1993ರ ಬೇಸಿಗೆ ರಜೆಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ದೊಡ್ಡಪ್ಪನ ಮನೆಯ ಅಟ್ಟದಲ್ಲಿ, ಖಾಲಿ ಶೇಂಗಾ ಚೀಲಗಳ ಹಿಂದೆ ಪೆಟ್ಟಿಗೆ ಸಿಕ್ಕಿತು. ಎರಡು ಕೈಹಿಡಿ, ನಾಲ್ಕು ಕ್ಯಾಸೆಟ್, ಒಂದು ಪ್ಲಾಸ್ಟಿಕ್ ಬಂದೂಕು. ಅಣ್ಣನ ಮಗಳು, ಈಗ ಹೈಸ್ಕೂಲಿನಲ್ಲಿ ಓದುವವಳು, ಅದನ್ನು ಮನೆಯ ಹೊಸ ಚಪ್ಪಟೆ ಟಿವಿಗೆ ತಾನೇ ಜೋಡಿಸಿದಳು. ಮಾರಿಯೋ ಓಡಿದ. ಬಾತುಕೋಳಿ ಬೇಟೆಯ ಆಟವೂ ಶುರುವಾಯಿತು. ಆದರೆ ಎಷ್ಟು ಗುರಿಯಿಟ್ಟು ಹೊಡೆದರೂ ಒಂದು ಬಾತುಕೋಳಿಯೂ ಬೀಳಲಿಲ್ಲ. ಹುಲ್ಲಿನ ಹಿಂದಿನಿಂದ ನಾಯಿ ಎದ್ದು ಹಲ್ಲು ಕಿರಿದು ನಕ್ಕಿತು.

‘ಬಂದೂಕು ಕೆಟ್ಟೈತೆ ಚಿಕ್ಕಪ್ಪ’ ಎಂದಳು.

ಬಂದೂಕು ಕೆಟ್ಟಿರಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ನಿಮಗೆ ಆಶ್ಚರ್ಯವಾದೀತು. ಆ ಬಂದೂಕಿನಿಂದ ಏನೂ ಹೊರಗೆ ಬರುವುದಿಲ್ಲ. ಬೆಳಕು ಒಳಗೆ ಹೋಗುತ್ತದೆ. ನಳಿಗೆಯ ಒಳಗಿರುವುದು ಒಂದು ಮಸೂರ, ಅದರ ಹಿಂದೆ ಬೆಳಕಿಗೆ ಸ್ಪಂದಿಸುವ ಪುಟ್ಟ ಸಾಧನ. ನೀವು ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ನಮ್ಮ ದೇಶದ ಟಿವಿ ಪದ್ಧತಿಯಲ್ಲಿ ಪರದೆಯ ಮೇಲೆ ಸೆಕೆಂಡಿಗೆ 50 ಬಾರಿ ಗೆರೆಗಳನ್ನು ಎಳೆಯಲಾಗುತ್ತಿತ್ತು. ಈ ಕಪ್ಪು ಬಿಳುಪಿನ ಆಟ ಅಂಥ ಒಂದೆರಡು ಸುತ್ತಿನಲ್ಲೇ ಮುಗಿಯುವುದರಿಂದ ಕಣ್ಣಿಗೆ ಮಿಂಚಿದಂತೆ ಕಾಣುತ್ತದೆ, ಅಷ್ಟೆ. ಬಂದೂಕಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಗುಲಿದಂತೆ ಲೆಕ್ಕ. ಉರಿಯುವ ಬಲ್ಬಿನತ್ತ ಹಿಡಿದು ಮೋಸ ಮಾಡಲು ನಾವೂ ನೋಡಿದ್ದೆವು, ಫಲಿಸಲಿಲ್ಲ. ಬಲ್ಬಿನಲ್ಲಿ ಮೊದಲಿನ ಆ ಕತ್ತಲೆಯೇ ಇಲ್ಲವಲ್ಲ!

ಹಳೆಯ ಗಾಜಿನ ಕೊಳವೆಯ ಟಿವಿ ಸಂಕೇತ ಬಂದ ತಕ್ಷಣ ಚಿತ್ರವನ್ನು ಬರೆಯುತ್ತಿತ್ತು. ಇಂದಿನ ಚಪ್ಪಟೆ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಮೊದಲು ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡು, ತಿದ್ದಿ, ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಆ ಸಣ್ಣ ತಡ ನಮಗೆ ಗೊತ್ತಾಗುವುದಿಲ್ಲ, ಆಟದ ಪೆಟ್ಟಿಗೆಗೆ ಗೊತ್ತಾಗುತ್ತದೆ. ಬಿಳಿ ಚೌಕ ಪರದೆಗೆ ಬರುವ ಹೊತ್ತಿಗೆ ಅದು ‘ಗುರಿ ತಪ್ಪಿತು’ ಎಂದು ತೀರ್ಮಾನಿಸಿ ಮುಂದೆ ಹೋಗಿರುತ್ತದೆ. ಆಟ ಕ್ಯಾಸೆಟ್ಟಿನಲ್ಲಿತ್ತು ಎಂದೇ ನಾವೆಲ್ಲ ತಿಳಿದಿದ್ದೆವು. ಅರ್ಧ ಆಟ ಟಿವಿಯಲ್ಲಿತ್ತು.

ಈ ಪೆಟ್ಟಿಗೆಯೂ ಒಂದು ಗಣಕವೇ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು; ಕುಟುಂಬದ ಗಣಕ ಎಂಬುದು ಆ ಹೆಸರಿನ ಅರ್ಥ. ಅದರ ಒಳಗಿನ ಚಿಪ್ಪು 1975ರಲ್ಲಿ ಅಮೆರಿಕದಲ್ಲಿ ಬಂದ 6502 ಎಂಬ ಅಗ್ಗದ ಚಿಪ್ಪಿನ ವಂಶದ್ದು. ಆಪಲ್ 2 ಗಣಕದಲ್ಲೂ ಬ್ರಿಟನ್ನಿನ ಬಿಬಿಸಿ ಮೈಕ್ರೋದಲ್ಲೂ ಇದ್ದದ್ದು ಇದೇ 6502. 1984–85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳನ್ನು ಕೊಡಿಸಿತ್ತು. ಸರ್ಕಾರದ ದಾರಿಯಲ್ಲಿ ಆ ಚಿಪ್ಪಿನ ವಂಶ ಕೆಲವೇ ಶಾಲೆಗಳಿಗೆ ತಲುಪಿತು. ಸಂತೆಯ ದಾರಿಯಲ್ಲಿ ಅದು ನಮ್ಮಂಥವರ ನಡುಮನೆಗೇ ಬಂತು.

ನಮ್ಮಲ್ಲಿಗೆ ಬಂದದ್ದು ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. ಮೀಡಿಯಾ, ಸಮುರಾಯ್ ಮುಂತಾದ ಹೆಸರುಗಳಲ್ಲಿ ಆ ಬಗೆಯ ಪೆಟ್ಟಿಗೆಗಳು ಅಂಗಡಿಗಳಲ್ಲಿದ್ದವು. ಹೆಸರೇ ಇಲ್ಲದವೂ ಬೇಕಾದಷ್ಟು. ನಮ್ಮದನ್ನು ಅಣ್ಣ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದಿದ್ದ. ದೊಡ್ಡಪ್ಪನ ಮನೆಯ ಟಿವಿ ಹದಿನಾಲ್ಕು ಇಂಚಿನ ಕಪ್ಪು ಬಿಳುಪಿನದು. ಆಂಟೆನಾದ ತಂತಿ ಕಿತ್ತು ಪೆಟ್ಟಿಗೆಯ ತಂತಿ ಸಿಕ್ಕಿಸಿ, ಚಾನೆಲ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೂತರೆ ಮರಳು ಸುರಿದಂಥ ಪರದೆಯಿಂದ ಮಾರಿಯೋ ಎದ್ದು ಬರುತ್ತಿದ್ದ. ಆ ಪೆಟ್ಟಿಗೆಯೊಳಗೆ ಟಿವಿ ನಿಲ್ದಾಣ ಕಳಿಸುವಂಥದೇ ಸಂಕೇತವನ್ನು ತಯಾರಿಸುವ ಪುಟ್ಟ ಸಾಧನವಿತ್ತು. ಊರಿಗೆ ಬರುತ್ತಿದ್ದದ್ದು ಒಂದೇ ಚಾನೆಲ್. ನಮ್ಮ ಬೀದಿಗೆ ಎರಡನೆಯದು ನಮ್ಮದೇ ಆಗಿತ್ತು! ನಾನು ಈ ವೃತ್ತಿಗೆ ಬಿದ್ದದ್ದು ಆ ಗುಂಡಿ ತಿರುಗಿಸಿದ್ದರಿಂದಲೋ ಏನೋ.

ಬೀದಿಯ ಹತ್ತು ಹನ್ನೆರಡು ಹುಡುಗರಿಗೆ ಎರಡು ಕೈಹಿಡಿ. ಒಬ್ಬನಿಗೆ ಒಂದೇ ಜೀವ, ಸತ್ತವನು ಎದ್ದು ಸಾಲಿನ ಕೊನೆಗೆ. ಸಂಜೆ ಮೂರು ಫೇಸ್ ಕರೆಂಟ್ ಬಂದೊಡನೆ ಸುತ್ತಲಿನ ಬೋರ್‌ವೆಲ್ ಪಂಪುಗಳೆಲ್ಲ ಒಟ್ಟಿಗೆ ಚಾಲೂ ಆಗುತ್ತಿದ್ದವು. ವೋಲ್ಟೇಜ್ ಕುಸಿದು ಟಿವಿಯ ಚಿತ್ರ ನಾಲ್ಕೂ ಅಂಚಿನಿಂದ ಒಳಕ್ಕೆ ಕುಗ್ಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕರೆಂಟೇ ಹೋಗುತ್ತಿತ್ತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಇಡೀ ಕ್ಯಾಸೆಟ್ಟಿನ ಸಾಮರ್ಥ್ಯ 40 ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಫೋಟೋ ಅದರ ಐವತ್ತು ಪಟ್ಟು ತೂಗೀತು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. (ಕಪ್ಪು ಬಿಳುಪಿನಲ್ಲಿ ನೋಡಿದ ನಮಗೆ ಈ ಗುಟ್ಟು ಬಲು ಬೇಗ ತಿಳಿದಿತ್ತು.) ಎಲ್ಲಿಯವರೆಗೆ ಆಡಿದ್ದೇವೆಂದು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಅದರಲ್ಲಿರಲಿಲ್ಲ. ಅಮೆರಿಕದಲ್ಲಿ 1987ರಲ್ಲಿ ಬಂದ ಲೆಜೆಂಡ್ ಆಫ್ ಝೆಲ್ಡಾ ಕ್ಯಾಸೆಟ್ಟಿನೊಳಗೆ ಅದಕ್ಕೆಂದೇ ಬ್ಯಾಟರಿ ಇತ್ತು. ನಮಗೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಆಟದಲ್ಲಿ ಒಟ್ಟು 32 ಹಂತಗಳಿದ್ದರೂ ನಮ್ಮ ಬೀದಿಯವರ ನೆನಪಿನ ಮಾರಿಯೋ ಮೊದಲ ಏಳೆಂಟು ಹಂತ ದಾಟಲಿಲ್ಲ. ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿದ್ದು ಜಪಾನಿನವರಲ್ಲ, ನಮ್ಮೂರ ಟ್ರಾನ್ಸ್‌ಫಾರ್ಮರ್.

ಈಗ ಬೇರೆ ದೇಶಗಳ ನಿಮ್ಮ ತಂದೆತಾಯಿಯರ ವಯಸ್ಸಿನವರನ್ನು ಕೇಳಿ ನೋಡಿ. ಬ್ರಿಟನ್ನಿನವರಿಗೆ ಮೊದಲು ನೆನಪಾಗುವುದು ಚಿತ್ರವಲ್ಲ, ಸದ್ದು. ಅಲ್ಲಿ 1982ರಲ್ಲಿ ಬಂದ ಝಡ್ಎಕ್ಸ್ ಸ್ಪೆಕ್ಟ್ರಮ್ ಗಣಕಕ್ಕೆ ಆಟಗಳು ಹಾಡಿನ ಕ್ಯಾಸೆಟ್ಟಿನಲ್ಲೇ ಬರುತ್ತಿದ್ದವು. ಟೇಪ್ ರೆಕಾರ್ಡರ್ ಕೀರಲು ದನಿಯಲ್ಲಿ ಕಿರುಚುತ್ತಾ ನಾಲ್ಕೈದು ನಿಮಿಷ ಓಡಿದ ಮೇಲೆ ಆಟ ತೆರೆಯುತ್ತಿತ್ತು. ಆ ಕಿರುಚಾಟವೇ ಇಂದು ಅವರಿಗೆ ಇಂಪು. ಸದ್ದೇ ದತ್ತಾಂಶ ಎಂದ ಮೇಲೆ ಅದನ್ನು ಪ್ರಸಾರವನ್ನೂ ಮಾಡಬಹುದಷ್ಟೆ? ಯುಗೊಸ್ಲಾವಿಯದ ಬೆಲ್‌ಗ್ರೇಡ್ ಆಕಾಶವಾಣಿಯಲ್ಲಿ ಝೋರನ್ ಮೋಡ್ಲಿ ಎಂಬ ನಿರೂಪಕರು 1980ರ ದಶಕದಲ್ಲಿ ‘ವೆಂಟಿಲೇಟರ್ 202’ ಕಾರ್ಯಕ್ರಮದ ನಡುವೆ ಗಣಕ ಕ್ರಮವಿಧಿಗಳನ್ನು ಸದ್ದಾಗಿ ಬಿತ್ತರಿಸುತ್ತಿದ್ದರು. ಕೇಳುಗರು ಟೇಪಿಗೆ ಇಳಿಸಿಕೊಂಡು ತಮ್ಮ ಗಣಕಕ್ಕೆ ತುಂಬಿಕೊಳ್ಳುತ್ತಿದ್ದರು. ಅಂಥದೊಂದು ಕಾರ್ಯಕ್ರಮ ಮಾಡಬೇಕೆಂಬ ಆಸೆ ನನಗೆ ಈಗಲೂ ಇದೆ, ನಮ್ಮ ಕಚೇರಿಯಲ್ಲಿ ಯಾರೂ ಒಪ್ಪುವುದಿಲ್ಲ.

ಒಂದೇ ಆಟ ಎರಡು ದೇಶಗಳಲ್ಲಿ ಎರಡು ನೆನಪಾದದ್ದೂ ಉಂಟು. ಕಾಂಟ್ರಾ ಎಂದರೆ ನಮಗೆ ಅಂಗಿಯಿಲ್ಲದ ಇಬ್ಬರು ಬಂದೂಕುಧಾರಿಗಳು. ಯುರೋಪಿನ ಕ್ಯಾಸೆಟ್ಟಿನಲ್ಲಿ ಅದು ‘ಪ್ರೊಬೊಟೆಕ್ಟರ್’ ಆಗಿ, ಮನುಷ್ಯರ ಜಾಗದಲ್ಲಿ ರೋಬೋಟುಗಳು ಬಂದವು. ಬ್ರೆಜಿಲಿನ ಟೆಕ್‌ಟಾಯ್ ಕಂಪನಿ 1991ರಲ್ಲಿ ಒಂದು ಜಪಾನಿ ಆಟದ ನಾಯಕನನ್ನು ತೆಗೆದು, ಅಲ್ಲಿನ ಚಿತ್ರಕಥೆಗಳ ಜನಪ್ರಿಯ ಹುಡುಗಿ ಮೋನಿಕಾಳನ್ನು ಕೂರಿಸಿತು. ಹಾಗಾಗಿ ಅಲ್ಲಿನ ಮಕ್ಕಳ ನೆನಪಿನಲ್ಲಿ ಅದು ತಮ್ಮದೇ ಹುಡುಗಿಯ ಆಟ. ರಷ್ಯಾದಲ್ಲಿ ನಮ್ಮಂಥದೇ ನಕಲು ಪೆಟ್ಟಿಗೆ 1992ರಲ್ಲಿ ‘ಡೆಂಡಿ’ ಎಂಬ ಹೆಸರಿನಲ್ಲಿ ಬಂತು. ಟೊಪ್ಪಿಗೆ ಹಾಕಿದ ಆನೆ ಅದರ ಲಾಂಛನ. 1994ರಲ್ಲಿ ಅದರದೇ ಟಿವಿ ಕಾರ್ಯಕ್ರಮವೂ ಶುರುವಾಯಿತು. ನಕಲೇ ಅಲ್ಲಿ ಅಸಲಿಯ ಗೌರವ ಪಡೆಯಿತು. ನಮ್ಮ ಪೆಟ್ಟಿಗೆಗಳಿಗೆ ಆ ಯೋಗವಿರಲಿಲ್ಲ, ಅವು ಕನ್ನಡವನ್ನೂ ಕಲಿಯಲಿಲ್ಲ. ನಾವೇ ಮಾರಿಯೋನನ್ನು ‘ಮೀಸೆ ಮಾಮ’ ಎಂದು ಕರೆದುಕೊಂಡೆವು.

ಹಳೆಯದಕ್ಕಾಗಿ ಹಂಬಲಿಸುವುದಕ್ಕೆ ಕನ್ನಡದಲ್ಲಿ ಹಳಹಳಿಕೆ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬಳಸುವ ನಾಸ್ಟಾಲ್ಜಿಯಾ ಮೂಲತಃ ಒಂದು ಕಾಯಿಲೆಯ ಹೆಸರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಮನೆಯಿಂದ ದೂರವಾದವರ ಕೊರಗಿಗೆ ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಆ ಹೆಸರಿಟ್ಟ. ಆಟದ ವಿಷಯದಲ್ಲೂ ಈ ಅರ್ಥವೇ ಸರಿಯೆಂದು ನನಗನ್ನಿಸುತ್ತದೆ. ಅದೇ ಆಟವನ್ನು ಇಂದು ಮೊಬೈಲಿನಲ್ಲಿ ಆಡಿ ಮುಗಿಸಬಹುದು. ಮುಗಿಸಿದೆ, ಏನೂ ಅನ್ನಿಸಲಿಲ್ಲ. ನೆನಪಾಗುವುದು ದೊಡ್ಡಪ್ಪನ ನಡುಮನೆ, ದೊಡ್ಡಮ್ಮ ಮರದಲ್ಲಿ ಸುರಿದು ಕೊಡುತ್ತಿದ್ದ ಮಂಡಕ್ಕಿ, ಸಾಲಿನ ಕೊನೆಯಲ್ಲಿ ಕಾಯುತ್ತಿದ್ದದ್ದು.

ಕಂಪನಿಗಳಿಗೂ ಇದು ಗೊತ್ತು. ನಿಂಟೆಂಡೊ 2016ರಲ್ಲಿ ತನ್ನ ಹಳೆಯ ಯಂತ್ರದ ಪುಟ್ಟ ಪ್ರತಿರೂಪವನ್ನು ಮಾರಿದಾಗ ಜಪಾನಿನವರಿಗೆ ಫ್ಯಾಮಿಕಾಮ್ ಆಕಾರ, ಅಮೆರಿಕದವರಿಗೆ ಅವರು ಕಂಡಿದ್ದ ಬೂದು ಪೆಟ್ಟಿಗೆಯ ಆಕಾರ ಕೊಟ್ಟಿತು. 2024ರಲ್ಲಿ ಸ್ಪೆಕ್ಟ್ರಮ್ ಕೂಡ ಹೊಸದಾಗಿ ಬಂತು. ನಮ್ಮ ಪೆಟ್ಟಿಗೆಯನ್ನು ಮತ್ತೆ ತರುವವರು ಯಾರು? ಅದಕ್ಕೆ ಅಪ್ಪ ಅಮ್ಮನೇ ಇಲ್ಲ. ‘9999 ಆಟಗಳು ಒಂದರಲ್ಲಿ’ ಎಂಬ ಕ್ಯಾಸೆಟ್ಟನ್ನು ನಾನು ಬಿಚ್ಚಿ ನೋಡಿದೆ. ಪಟ್ಟಿಯಲ್ಲಿ ಕೆಲವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಒಳಗಿನ ಹಲಗೆಯ ಮೇಲೆ ಡಾಂಬರಿನ ಹನಿಯಂಥ ಕಪ್ಪು ಉಂಡೆ, ಅದರಡಿ ಚಿಪ್ಪು. ಊರು, ಇಸವಿ, ಮಾಡಿದವರ ಹೆಸರು ಒಂದೂ ಇಲ್ಲ.

ಹೆಸರಿಲ್ಲದ್ದೆಲ್ಲ ಕಳೆದುಹೋಗಲೇಬೇಕೆಂದಿಲ್ಲ. 1989ರ ಜನವರಿಯಲ್ಲಿ ಪ್ರಾಗ್ ನಗರದ ಪ್ರತಿಭಟನೆಗಳ ಮೇಲೆ ಪೊಲೀಸರು ಎರಗಿದಾಗ ಅಲ್ಲಿನ ಯಾರೋ ಅದನ್ನೇ ಕಥೆಯಾಗಿಸಿ, ಅಕ್ಷರಗಳಲ್ಲೇ ಆಡುವ ಒಂದು ಆಟ ಬರೆದು ಹಂಚಿದರು. ಹೆಸರು ಹಾಕಿದರೆ ಜೈಲು. ಆ ಆಟವನ್ನು ಸಂಶೋಧಕರು ಉಳಿಸಿಕೊಂಡಿದ್ದಾರೆ, ಬ್ರಾಟಿಸ್ಲಾವಾದ ವಿನ್ಯಾಸ ವಸ್ತುಸಂಗ್ರಹಾಲಯ ಆ ಕಾಲದ ಸ್ಲೋವಾಕ್ ಆಟಗಳನ್ನು ಇಂಗ್ಲಿಷಿಗೆ ತಂದಿದೆ. ಹಾಗೆ ನೋಡಿದರೆ ಶ್ರೀಮಂತ ದೇಶದಲ್ಲೂ ಸ್ಥಿತಿ ಚೆನ್ನಾಗಿಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲಿಲ್ಲವೆಂದು ವೀಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಹೆಸರು, ಇಸವಿ ಇದ್ದ ಆಟಗಳ ಗತಿಯೇ ಇದು. ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ಯಾವ ವರ್ಷ ಕೊಂಡದ್ದು, ಎಲ್ಲಿ, ಯಾರು ಯಾರು ಆಡಿದರು, ಯಾವ ಹಂತದವರೆಗೆ. ಆ ಹಾಳೆ ಪೆಟ್ಟಿಗೆಯ ಒಳಗೇ ಇರಲಿ.

ಬಾತುಕೋಳಿಯ ಮಾತಿಗೆ ಬರುತ್ತೇನೆ. ಜಗಳೂರಿನ ಒಂದು ರಿಪೇರಿ ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಟಿವಿ ಇತ್ತು. ಕೇಳಿ ತಂದೆವು. ಗುಂಡಿ ತಿರುಗಿಸುವುದನ್ನು ಅಣ್ಣನ ಮಗಳಿಗೆ ನಾನು ಕಲಿಸಬೇಕಾಯಿತು. ಬಂದೂಕು ಗುರುತಿಸುವುದು ಬೆಳಕನ್ನು, ಬಣ್ಣವನ್ನಲ್ಲ. ಹಾಗಾಗಿ ಕಪ್ಪು ಬಿಳುಪಿನಲ್ಲೂ ಆಟ ನಡೆಯುತ್ತದೆ. ಮೂರನೆಯ ಗುಂಡಿಗೆ ಬಾತುಕೋಳಿ ಬಿತ್ತು. ನಾಯಿ ಅದನ್ನು ಕತ್ತು ಹಿಡಿದು ಎತ್ತಿ ತೋರಿಸಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಪ್ಪ, ‘ಬೇಗ ಬೇಗ ಆಡ್ರವ್ವ, ಪಂಪಿನ ಕರೆಂಟ್ ಬರೋ ಹೊತ್ತಾತು’ ಎಂದರು.