ನಿಮಗಿದು ಗೊತ್ತೆ? ಬಣ್ಣದ ನೀರಿಗೆ ನದಿಯ ದಾರಿ ಬಂದ್!

ಬನಿಯನ್, ಟೀ ಶರ್ಟುಗಳಿಗೆ ಹೆಸರಾದ ಊರು ತಮಿಳುನಾಡಿನ ತಿರುಪ್ಪೂರು. ಅಲ್ಲಿ ಬಟ್ಟೆಗೆ ಬಣ್ಣ ಹಾಕಿ ಉಳಿದ ಉಪ್ಪುನೀರು ವರ್ಷಗಟ್ಟಲೆ ಕಾವೇರಿಯ ಉಪನದಿ ನೊಯ್ಯಲ್‌ಗೆ ಸೇರುತ್ತಿತ್ತು. ಆ ನದಿಯ ಒರತ್ತುಪಾಳಯಂ ಅಣೆಕಟ್ಟೆಯ ನೀರು ಬೇಸಾಯಕ್ಕೇ ಬಾರದಂತಾಯಿತು.

ರೈತರು ನ್ಯಾಯಾಲಯದ ಮೆಟ್ಟಿಲೇರಿದರು. ಕೊಳೆನೀರನ್ನು ಒಂದು ಹನಿಯೂ ಹೊರಬಿಡದ ವ್ಯವಸ್ಥೆ ಆಗುವವರೆಗೆ ಬಣ್ಣದ ಘಟಕಗಳನ್ನು ಮುಚ್ಚುವಂತೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು.

ಈಗ ಸಾಮೂಹಿಕ ಶುದ್ಧೀಕರಣ ಘಟಕಗಳು ಈ ನೀರನ್ನು ಸೋಸುತ್ತವೆ. ಉಳಿದ ದ್ರಾವಣವನ್ನು ಬತ್ತಿಸಿ ಉಪ್ಪು ತೆಗೆಯುತ್ತವೆ. ನೀರು, ಉಪ್ಪು ಎರಡೂ ಮತ್ತೆ ಬಣ್ಣದ ಕೆಲಸಕ್ಕೇ ಬಳಕೆಯಾಗುತ್ತವೆ.

2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 6ನೆಯದು ನೀರಿನದು. ಸಂಸ್ಕರಿಸದ ಕೊಳೆನೀರಿನ ಪಾಲು 2030ರೊಳಗೆ ಅರ್ಧಕ್ಕಿಳಿಯಬೇಕು, ಮರುಬಳಕೆ ಹೆಚ್ಚಬೇಕು ಎನ್ನುತ್ತದೆ ಅದು. ರೈತರ ಹೋರಾಟದಿಂದ ತಿರುಪ್ಪೂರು ಆ ಹಾದಿಯನ್ನು ಮೊದಲೇ ಹಿಡಿದಿತ್ತು.