ಸ್ಟ್ರೋಕ್ ಆದವರಿಗೆ ಕ್ಯಾನ್ಸರ್ ತಪಾಸಣೆ: ಯಾರಿಗೆ ಬೇಕು, ಯಾರಿಗೆ ಬೇಡ?

ಲಕ್ವ ಹೊಡೆದು ಮಲಗಿರುವವರಿಗೆ "ಕ್ಯಾನ್ಸರ್ ಇದೆಯೇ ಎಂದೂ ನೋಡಿಬಿಡೋಣ" ಎಂದು ಡಾಕ್ಟರು ಹೇಳಿದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಇನ್ನು ಕೆಲವರು ಯಾರೂ ಹೇಳದಿದ್ದರೂ ಸಾಲ ಮಾಡಿ ಇಡೀ ದೇಹದ ಸ್ಕ್ಯಾನ್ ಮಾಡಿಸುತ್ತಾರೆ. ಸ್ಟ್ರೋಕ್ ಆದ ಬಹುತೇಕರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಕೆಲವರಲ್ಲಿ ಅಡಗಿರುವ ಕ್ಯಾನ್ಸರಿನ ಮೊದಲ ಸುಳಿವೇ ಸ್ಟ್ರೋಕ್ ಆಗಿರಬಹುದು.

ಎರಡಕ್ಕೂ ಏನು ಸಂಬಂಧ?

ಕೆಲವು ಕ್ಯಾನ್ಸರ್ ಗಡ್ಡೆಗಳು ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತವೆ. ಕ್ಯಾನ್ಸರಿಗೂ ರಕ್ತನಾಳದ ಹೆಪ್ಪಿಗೂ ನಂಟಿದೆ ಎಂದು ಫ್ರಾನ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ವಿವರಿಸಿದ್ದರು. ಆ ಹೆಪ್ಪು ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಸ್ಟ್ರೋಕ್ ಆಗುತ್ತದೆ. ಶ್ವಾಸಕೋಶ, ಮೇದೋಜ್ಜೀರಕ ಗ್ರಂಥಿ, ಜಠರ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಇದು ಹೆಚ್ಚು.

ಯಾರಲ್ಲಿ ಅನುಮಾನ ಪಡಬೇಕು?

ಬಿಪಿ, ಶುಗರ್, ಕುತ್ತಿಗೆಯ ರಕ್ತನಾಳದ ಅಡಚಣೆ, ಹೃದಯ ಬಡಿತದ ಏರುಪೇರು ಇವುಗಳಿಂದ ಸ್ಟ್ರೋಕ್ ಆಗಿದೆ ಎಂದು ಸ್ಪಷ್ಟವಾದರೆ ಸಾಮಾನ್ಯವಾಗಿ ಕ್ಯಾನ್ಸರ್ ಹುಡುಕುವ ಅಗತ್ಯವಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಕ್ರಿಪ್ಟೋಜೆನಿಕ್' ಎಂದಿದ್ದರೆ, ಪರೀಕ್ಷೆ ಮಾಡಿದರೂ ಕಾರಣ ಸಿಕ್ಕಿಲ್ಲ ಎಂದರ್ಥ. ಅದರ ಜೊತೆ ಈ ಸುಳಿವುಗಳಿದ್ದರೆ ಡಾಕ್ಟರನ್ನು ಕೇಳಿ:

- ಎಂಆರ್‌ಐಯಲ್ಲಿ ಮೆದುಳಿನ ಬೇರೆಬೇರೆ ಭಾಗಗಳಲ್ಲಿ ಒಮ್ಮೆಗೇ ಸ್ಟ್ರೋಕ್ ಕಂಡಿದ್ದರೆ
- ಡಿ-ಡೈಮರ್ ತುಂಬಾ ಹೆಚ್ಚಿದ್ದರೆ
- ಕಾರಣವಿಲ್ಲದೆ ತೂಕ ಇಳಿದಿದ್ದರೆ, ರಕ್ತ ಕಡಿಮೆಯಾಗಿದ್ದರೆ
- ಕಾಲಿನ ರಕ್ತನಾಳದಲ್ಲೂ ಹೆಪ್ಪು ಇದ್ದರೆ
- ಚಿಕಿತ್ಸೆ ನಡೆಯುತ್ತಿದ್ದರೂ ಮತ್ತೆ ಸ್ಟ್ರೋಕ್ ಆಗಿದ್ದರೆ

ಡಿ-ಡೈಮರ್ ಹೆಚ್ಚಿದ ಮಾತ್ರಕ್ಕೆ ಹೆದರಬೇಡಿ. ಸೋಂಕು, ಶಸ್ತ್ರಚಿಕಿತ್ಸೆ, ವಯಸ್ಸು, ಸ್ವತಃ ಸ್ಟ್ರೋಕ್ ಕೂಡ ಅದನ್ನು ಏರಿಸುತ್ತವೆ.

ಯಾವ ಪರೀಕ್ಷೆ?

ಮೊದಲಿಗೆ ದೇಹದ ತಪಾಸಣೆ, ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ. ಸುಳಿವು ಬಲವಾಗಿದ್ದರೆ ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್. ವಯಸ್ಸಿಗೆ ತಕ್ಕ ತಪಾಸಣೆ ಬಾಕಿಯಿದ್ದರೆ ಅದನ್ನೂ ಮಾಡಿಸಿ. ಸರ್ಕಾರಿ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಾಯಿಯ ಕ್ಯಾನ್ಸರ್, ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ.

ಎಲ್ಲರಿಗೂ ಪೆಟ್-ಸಿಟಿ ಏಕೆ ಬೇಡ? ನಿರುಪದ್ರವಿ ಗಂಟೂ ಅದರಲ್ಲಿ ಕಾಣಬಹುದು. ಆಗ ಬಯಾಪ್ಸಿ, ಅದಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸುವುದು, ಅದರಿಂದ ಮತ್ತೆ ಸ್ಟ್ರೋಕಿನ ಅಪಾಯ, ಹೀಗೆ ಸರಪಳಿ ಬೆಳೆಯುತ್ತದೆ. ಕಾರಣ ತಿಳಿಯದೆ ಕಾಲು ಅಥವಾ ಶ್ವಾಸಕೋಶದಲ್ಲಿ ಹೆಪ್ಪು ಕಂಡ 854 ಜನರ ಮೇಲೆ ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ತಪಾಸಣೆಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅದು ಸ್ಟ್ರೋಕ್ ರೋಗಿಗಳ ಅಧ್ಯಯನವಲ್ಲ; ಆದರೂ ಎಲ್ಲರನ್ನೂ ಸ್ಕ್ಯಾನಿಗೆ ಕಳಿಸುವ ಮುನ್ನ ಯೋಚಿಸಬೇಕೆಂದು ಅದು ಹೇಳುತ್ತದೆ.

ಮಾತ್ರೆಗಳ ವಿಷಯದಲ್ಲಿ ಎಚ್ಚರ

- ಎಂಡೋಸ್ಕೋಪಿ ಅಥವಾ ಬಯಾಪ್ಸಿ ಇದೆಯೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇತ್ಯಾದಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ನರರೋಗ ತಜ್ಞರು ಹೇಳಿದ ದಿನವೇ ನಿಲ್ಲಿಸಿ, ಹೇಳಿದ ದಿನವೇ ಮತ್ತೆ ಶುರುಮಾಡಿ.
- ಸಿಟಿ ಸ್ಕ್ಯಾನಿಗೆ ಡೈ ಕೊಡುವುದಾದರೆ ಮೆಟ್‌ಫಾರ್ಮಿನ್ ಸೇವನೆ, ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಮೊದಲೇ ತಿಳಿಸಿ.
- ಮಲ ಅಥವಾ ಮೂತ್ರದಲ್ಲಿ ರಕ್ತ ಕಂಡರೆ "ಮಾತ್ರೆಯಿಂದಲೇ ಇರಬೇಕು" ಎಂದು ಸುಮ್ಮನಾಗಬೇಡಿ. ಈ ಮಾತ್ರೆಗಳು ಕರುಳು, ಮೂತ್ರಕೋಶದಲ್ಲಿ ಮೊದಲೇ ಇದ್ದ ಗಡ್ಡೆಯಿಂದ ರಕ್ತ ಒಸರುವಂತೆ ಮಾಡಿರಬಹುದು. ಮಲ ಟಾರಿನಂತೆ ಕಪ್ಪಾಗಿದ್ದರೆ ಅಥವಾ ರಕ್ತ ಹೆಚ್ಚು ಹೋಗುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ನೋಡಿಕೊಳ್ಳುವವರಿಗೆ

ಸ್ಟ್ರೋಕಿನಿಂದ ಮಾತು ಹೋದವರು ತಮ್ಮ ನೋವನ್ನು ಹೇಳಲಾರರು. ಅವರ ಪರವಾಗಿ ನೀವೇ ಗಮನಿಸಬೇಕು. ತಿಂಗಳಿಗೊಮ್ಮೆ ತೂಕ ನೋಡಿ, ತಾರೀಖಿನ ಸಮೇತ ಬರೆದಿಡಿ. ನುಂಗಲು ಕಷ್ಟ, ಮನಸ್ಸಿನ ಕುಗ್ಗುವಿಕೆಯಿಂದಲೂ ತೂಕ ಇಳಿಯಬಹುದು. ಯಾವುದರಿಂದ ಎಂಬುದನ್ನು ಡಾಕ್ಟರು ನಿರ್ಧರಿಸಲಿ.

ಮುಂದಿನ ಭೇಟಿಯಲ್ಲಿ ಕೇಳಿ: "ಇವರ ಸ್ಟ್ರೋಕಿಗೆ ಕಾರಣ ಸಿಕ್ಕಿದೆಯೇ? ಸಿಗದಿದ್ದರೆ ಇನ್ನೇನು ನೋಡಬೇಕು?" ಕಾರಣ ಕ್ಯಾನ್ಸರ್ ಎಂದು ತಿಳಿದರೆ, ಮತ್ತೆ ಹೆಪ್ಪುಗಟ್ಟದಂತೆ ಕೊಡುವ ಔಷಧಿಯೂ ಬದಲಾಗಬಹುದು. ಅದಕ್ಕಾಗಿ ಈ ಪ್ರಶ್ನೆಯನ್ನು ಬಿಡಬೇಡಿ.