ಎರಚಿದ ಯೂರಿಯಾ ಎಲ್ಲಿಗೆ ಹೋಗುತ್ತೆ?

ಮೇಲುಗೊಬ್ಬರ ಅಂದ್ರೆ ನಮಗೆ ಮೊದಲು ನೆನಪಾಗೋದು ಯೂರಿಯಾ. ಆದರೆ ಎರಚಿದ್ದೆಲ್ಲ ಬೆಳೆಗೆ ಸಿಗಲ್ಲ. ಯಾಕೆ ಅಂತ ತಿಳ್ಕೊಂಡ್ರೆ ದುಡ್ಡೂ ಉಳಿಯುತ್ತೆ, ಇಳುವರಿಯೂ ಉಳಿಯುತ್ತೆ.

ಯೂರಿಯಾ ಅಂದ್ರೆ ಏನು?
ರಸಾಯನಶಾಸ್ತ್ರದಲ್ಲಿ ಇದು ಒಂದು ಸರಳ ಅಮೈಡ್. ನಡುವೆ ಒಂದು ಇಂಗಾಲ, ಅದಕ್ಕೊಂದು ಆಮ್ಲಜನಕ, ಎರಡು ಪಕ್ಕದಲ್ಲಿ ಸಾರಜನಕದ ಗುಂಪು. ಇದರಲ್ಲಿ ಶೇ. 46 ಸಾರಜನಕ ಇದೆ. ಅಂದರೆ 45 ಕೆಜಿ ಚೀಲದಲ್ಲಿ 20.7 ಕೆಜಿ. ನೀರಲ್ಲಿ ಬೇಗ ಕರಗುತ್ತೆ, ಕರಗುವಾಗ ಬಕೆಟ್ ತಣ್ಣಗಾಗುತ್ತೆ. ಗಾಳಿಯ ತೇವ ಹೀರಿ ಗಟ್ಟಿಯಾಗುತ್ತೆ, ಹಾಗಾಗಿ ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ.

ಮಣ್ಣಲ್ಲಿ ಏನಾಗುತ್ತೆ?
ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆಗ ಕಾಳಿನ ಸುತ್ತಲಿನ ಮಣ್ಣು ಕ್ಷಾರೀಯವಾಗುತ್ತದೆ. ಗೊಬ್ಬರ ಮೇಲೆಯೇ ಬಿದ್ದಿದ್ದರೆ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತೆ. ಬಿಸಿಲು, ಗಾಳಿ, ಸುಣ್ಣದ ಅಂಶ ಹೆಚ್ಚಿರುವ ಮಣ್ಣು ಇದ್ದರೆ ನಷ್ಟ ಇನ್ನೂ ಜಾಸ್ತಿ. ಮಣ್ಣಿನೊಳಗೆ ಇದ್ದರೆ ಜೇಡಿಯ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ.

ನಂತರ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಜೋರು ಮಳೆ ಬೇರಿನ ಕೆಳಗೆ ಕೊಚ್ಚಿಕೊಂಡು ಹೋಗುತ್ತೆ. ಬೇವಿನ ಲೇಪ ನಿಧಾನ ಮಾಡೋದು ಮುಖ್ಯವಾಗಿ ಈ ಎರಡನೇ ಹಂತವನ್ನು. ಹಾಗಾಗಿ "ಬೇವು ಲೇಪಿತ ತಾನೆ" ಅಂತ ಮೇಲೆ ಎರಚಿ ಬಿಡಬೇಡಿ.

ಹೀಗೆ ಮಾಡಿ
• ಸಾಲಿನ ಪಕ್ಕ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ಆಗದಿದ್ದರೆ ಹಾಕಿದ ಕೂಡಲೇ ಹದವಾಗಿ ನೀರು ಕೊಡಿ.
• ಭತ್ತದ ಗದ್ದೆಯಲ್ಲಿ ನಿಂತ ನೀರು ಬಸಿದು ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿ.
• ಒಂದೇ ಸಲ ಸುರಿಯದೆ ಎರಡು ಮೂರು ಕಂತಲ್ಲಿ ಕೊಡಿ.
• ಸುಣ್ಣ, ಬೂದಿ ಜೊತೆ ಬೆರೆಸಬೇಡಿ.

ದನಕರು ಜೋಪಾನ
ಹಸುವಿನ ಹೊಟ್ಟೆಯಲ್ಲೂ ಇದೇ ಯೂರಿಯೇಸ್ ಇದೆ. ಯೂರಿಯಾ ಕರಗಿಸಿದ ನೀರು ಕುಡಿದರೆ ಅಮೋನಿಯಾ ಒಮ್ಮೆಲೇ ರಕ್ತಕ್ಕೆ ಸೇರಿ, ಕೆಲವೇ ಗಂಟೆಯಲ್ಲಿ ಜೀವ ಹೋಗಬಹುದು. ಹೊಟ್ಟೆ ಉಬ್ಬರ, ನಡುಕ, ಜೊಲ್ಲು ಕಂಡರೆ ಕಾಯಬೇಡಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಗೊಬ್ಬರ ಕರಗಿಸಿದ ಬಕೆಟನ್ನು ಕಲಗಚ್ಚಿಗೆ ಬಳಸಲೇಬೇಡಿ.